ಕತ್ತರಿಯ ಮೇಲಿನ ಬಟ್ಟೆ

ಮಾರ್ಚ್ 9

ತಮ್ಮಾ,

ಇದೇ ತಿಂಗಳ ಎರಡನೇ ತಾರೀಕು, ನಿನ್ನ ಮಗಳಿಗೆ ಹದಿನೈದು ತುಂಬಿದ ದಿನ, ನೀನು ಅವಳ ಕೈಗೆ ಒಂದು ಆಯುಧ ಕೊಟ್ಟೆ. ಕ್ಷೇಮ ಸಮಾಚಾರದಿಂದ ಶುರುಮಾಡೋಣ ಎಂದು ಎರಡು ಹಾಳೆ ಹಾಳುಮಾಡಿದೆ, ಆಗಲಿಲ್ಲ. ನಡೆದದ್ದನ್ನು ಅದರ ಹೆಸರಿನಿಂದಲೇ ಕರೆದುಬಿಡುವುದು ಒಳ್ಳೆಯದು.

ನನಗೆ ಹೇಳಿದವಳು ಗುಂಡಿಯೇ. ನಾನು ಕಳಿಸಿದ ಛತ್ರಿ ತಲುಪಿತೆಂದು ಹೇಳಲು ಫೋನ್ ಮಾಡಿದ್ದಳು. "ಬಾತುಕೋಳಿ ಚೆನ್ನಾಗಿದೆ ಅತ್ತೆ" ಅಂದಳು. ಮರದ ಹಿಡಿಯಲ್ಲಿ ಬಾತುಕೋಳಿಯ ತಲೆ ಕೆತ್ತಿದ ಛತ್ರಿಯನ್ನು ಹದಿನೈದರ ಹುಡುಗಿಗೆ ಕಳಿಸಬಾರದಿತ್ತು ಎನ್ನುವುದು ಆ 'ಚೆನ್ನಾಗಿದೆ'ಯಲ್ಲೇ ಗೊತ್ತಾಯಿತು. ನನ್ನ ಲೆಕ್ಕದಲ್ಲಿ ಅವಳಿನ್ನೂ ಅಪ್ಪ 'ಅಂಗಿಯ ಗುಂಡಿಯಷ್ಟೇ ಇದ್ದಾಳಲ್ಲೋ' ಎಂದು ಎತ್ತಿಕೊಂಡ ಕೂಸು. ಆಮೇಲೆ ಅವಳು, "ಅಪ್ಪ ಮುಳ್ಳು ಮಾಡಿಕೊಟ್ರು" ಎಂದಳು. ಎಂಥ ಮುಳ್ಳು ಮರಿ ಎಂದೆ. "ಸ್ಟೀಲಿಂದು ಅತ್ತೆ. ಅಪ್ಪನೇ ವರ್ಕ್‌ಶಾಪಲ್ಲಿ ಲೇತ್ ಮಷೀನಲ್ಲಿ ಮಾಡಿದ್ದು. ಬೀಗದ ಕೈ ಜೊತೆ ಹಾಕ್ಕೊಳ್ಳೋದು. ಯಾರಾದ್ರೂ ಹತ್ರ ಬಂದ್ರೆ ಚುಚ್ಚೋಕೆ." ಹೊಸ ಪೆನ್ನಿನ ವಿಷಯ ಹೇಳಿದ ಹಾಗೆ ಹೇಳಿದಳು.

ನಾವು ದರ್ಜಿಯ ಮಕ್ಕಳು. ನಮ್ಮ ಅಂಗಡಿಯಲ್ಲಿ ಮೊಳದುದ್ದದ ಕತ್ತರಿ ಇತ್ತು, ಬೇಕಾದವರನ್ನು ಕೊಲ್ಲಬಹುದಾಗಿತ್ತು. ಗಿರಾಕಿಯ ಮಾತು ಬಿಸಿಯಾಯಿತೆಂದರೆ ಅಪ್ಪ ಮೊದಲು ಮಾಡುತ್ತಿದ್ದ ಕೆಲಸ ಏನು ಎಂಬುದು ನಿನಗೆ ನೆನಪಿದೆಯೇ? ಕೈಗೆ ಸಿಕ್ಕ ತುಂಡು ಬಟ್ಟೆಯನ್ನು ಕತ್ತರಿಯ ಮೇಲೆ ಹಾಕಿ ಮುಚ್ಚುತ್ತಿದ್ದ. ಆಮೇಲೆ ಜಗಳ. ಹಗ್ಗದಷ್ಟು ಉದ್ದದ ಜಗಳಗಳನ್ನು ಆತ ಆ ಮೇಜಿನ ಈಚೆ ನಿಂತು ಆಡಿದ್ದಾನೆ, ಆದರೆ ಕತ್ತರಿ ಮುಚ್ಚದೆ ಒಂದನ್ನೂ ಆಡಲಿಲ್ಲ. ನನ್ನ ಮಟ್ಟಿಗೆ ಅದೇ ನಮಗೆ ಬಂದ ಆಸ್ತಿ. ನೀನು ಆ ಆಸ್ತಿಗೆ ಮಗಳನ್ನು ಬಾಧ್ಯಸ್ಥಳನ್ನಾಗಿ ಮಾಡದೆ, ಚುಚ್ಚುವ ಮುಳ್ಳಿಗೆ ಮಾಡಿದ್ದೀಯ.

ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀನು ಜಾರಿಕೊಳ್ಳುತ್ತೀಯ, ಕಾಗದದಲ್ಲಿ ಸಿಕ್ಕಿಬೀಳುತ್ತೀಯ. ಅದನ್ನು ಅವಳಿಂದ ವಾಪಸು ತೆಗೆದುಕೊ. ತೆಗೆದುಕೊಂಡೆ ಎಂದು ನನಗೆ ಬರೆ.

ನಿನ್ನ ಅಕ್ಕ


ಮಾರ್ಚ್ 20

ಅಕ್ಕಾ,

ನಿನ್ನ ಕಾಗದ ನೋಡಿ ನನ್ನ ಹೆಂಡತಿ, "ನಿಮ್ಮಕ್ಕ ನಿಮಗೂ ತಿದ್ದುಪಡಿ ಹಾಕಿದ್ದಾರೆ" ಅಂತ ನಕ್ಕಳು. ಪತ್ರಿಕೆಯಿಂದ ನಿವೃತ್ತಿಯಾದರೂ ನಿನ್ನ ಕೆಂಪು ಪೆನ್ನು ನಿವೃತ್ತಿಯಾಗಿಲ್ಲ. ಅಲ್ಲಿ ಮೂವತ್ತು ವರ್ಷ ಊರವರ ತಪ್ಪನ್ನು 'ತಿದ್ದುಪಡಿ' ಪೆಟ್ಟಿಗೆಯಲ್ಲಿ ಹಾಕಿದೆ, ಈಗ ಮನೆಯವರ ಸರದಿ.

ಮುಳ್ಳನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಕತ್ತರಿಯ ಕಥೆ ನನಗೂ ನೆನಪಿದೆ. ನಿನಗಿಂತ ಚೆನ್ನಾಗಿಯೇ ನೆನಪಿದೆ. ಆ ಗುತ್ತಿಗೆದಾರ ಕೋಟಿನ ತೋಳು ಗಿಡ್ಡವಾಯಿತೆಂದು ಅಪ್ಪನ ಕೆನ್ನೆಗೆ ಅಪ್ಪನದೇ ಮರದ ಅಳತೆಪಟ್ಟಿಯಿಂದ ಹೊಡೆದ ದಿನ ನಾನು ಮೇಜಿನ ಕೆಳಗೆ ಕೂತು ಚಿಂದಿ ಆಯುತ್ತಿದ್ದೆ. ಏಳು ವರ್ಷ ನನಗೆ. ಪಟ್ ಎಂದು ಸದ್ದಾಯಿತು. ನಾನು ಅಪ್ಪನ ಕಾಲು ನೋಡುತ್ತ ಕೂತೆ, ಈಗ ಮುಂದಕ್ಕೆ ಹೆಜ್ಜೆ ಇಡುತ್ತಾನೆ, ಈಗ ಇಡುತ್ತಾನೆ ಎಂದು. ಕಾಲು ಅಲ್ಲಾಡಲಿಲ್ಲ. "ಮುಂದಿನ ವಾರ ಬನ್ನಿ ಸ್ವಾಮಿ, ಸರಿಮಾಡಿ ಕೊಡ್ತೀನಿ" ಅಂದ. ಆ 'ಸ್ವಾಮಿ' ಇವತ್ತಿಗೂ ಊಟದ ನಡುವೆ ನೆನಪಾಗುತ್ತದೆ.

ನೀನು ಅದನ್ನು ಆಸ್ತಿ ಅಂತೀಯ. ನನಗದು ಅವಮಾನ. ನನ್ನ ಮಗಳು ಯಾರಿಗೂ ಸ್ವಾಮಿ ಅನ್ನಬಾರದು.

ಅವಳು ಟ್ಯೂಷನ್ ಮುಗಿಸಿ ಬರುವ ಬಸ್ಸು ಮಿಲ್ಲಿನ ಉದ್ದ ಗೋಡೆಯ ಹತ್ತಿರ ನಿಲ್ಲುತ್ತದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಗಿಲು ಹಾಕಿದ ಗೋದಾಮುಗಳು. ಮುಳ್ಳು ಬೆರಳುದ್ದ ಇದೆ, ಬೆವರಿದರೂ ಕೈ ಜಾರದ ಹಾಗೆ ಹಲ್ಲು ಕೊರೆದಿದ್ದೇನೆ. ನನ್ನ ಕೈಯಿಂದ ಅಷ್ಟು ಚಂದದ ಕೆಲಸ ಈಚೆಗೆ ಆಗಿರಲಿಲ್ಲ. ಕೊಟ್ಟು ಕೈತೊಳೆದುಕೊಂಡಿಲ್ಲ, ಪಾಠವನ್ನೂ ಹೇಳಿದ್ದೇನೆ. ಹಿಂದೆ ಯಾರಾದರೂ ಬಂದರೆ ಜೋರಾಗಿ ನಡೆ. ಕರೆದರೆ ತಿರುಗಬೇಡ. ತೋಳಳತೆಗೆ ಬಂದರೆ ಕೇಳಬೇಡ, ಹೊಡಿ. ಹೊಡೆದ ಮೇಲೆ ಕಿರುಚು. ರಾತ್ರಿ ಊಟಕ್ಕೆ ಮೊದಲು ಬಾಯಿಪಾಠ ಒಪ್ಪಿಸುತ್ತಾಳೆ.

ಛತ್ರಿಯನ್ನು ಅವಳಮ್ಮ ಬಲವಂತದಿಂದ ಚೀಲಕ್ಕೆ ಸಿಕ್ಕಿಸಿ ಕಳಿಸುತ್ತಾಳೆ. ಬಿಸಿಲಿಗೆ ಒಳ್ಳೆಯದು.

ನಿನ್ನ ತಮ್ಮ


ಮಾರ್ಚ್ 29

ತಮ್ಮಾ,

ತೋಳಳತೆಗೆ ಬಂದವರೆಲ್ಲ ಹೊಡೆಸಿಕೊಳ್ಳಬೇಕಾದರೆ ಆ ಹುಡುಗಿಯ ತಲೆ ನೇವರಿಸುವವರು ಯಾರೋ?

ಹುಡುಗಿಯರು ಹೆದರಿಕೊಂಡು ಓಡಾಡಬೇಕು ಎಂದು ನಾನು ಹೇಳುತ್ತಿಲ್ಲ. ನಾನೂ ಪತ್ರಿಕೆಯ ರಾತ್ರಿ ಪಾಳಿ ಮುಗಿಸಿ ಒಬ್ಬಳೇ ನಡೆದವಳು. ನಾನು ಹೇಳುತ್ತಿರುವುದು ನಿನ್ನ ಪಾಠದ ಮೂರನೇ ಸಾಲಿನ ಬಗ್ಗೆ. 'ಕೇಳಬೇಡ.' ಓದಿದ ಪುಸ್ತಕಗಳಲ್ಲೆಲ್ಲ, ಬದುಕಿದ ಊರುಗಳಲ್ಲೆಲ್ಲ ನಾನು ಕಂಡ ಕೇಡು ಅಲ್ಲಿಂದಲೇ ಶುರುವಾಗಿದೆ. ಹೊಡಿ ಎನ್ನುವುದನ್ನಾದರೂ ಒಪ್ಪಿಕೊಂಡೇನು, ಕೇಳಬೇಡ ಎನ್ನುವುದನ್ನು ಒಪ್ಪುವುದಿಲ್ಲ.

ಗುತ್ತಿಗೆದಾರನ ವಿಷಯ ಬರೆಯಬೇಕೆಂದು ಪೆನ್ನು ತೆಗೆದೆ, ಮತ್ತೆ ಮುಚ್ಚಿದೆ. ಅದು ಇನ್ನೊಂದು ದಿನಕ್ಕಿರಲಿ.

ಅಕ್ಕ


ಏಪ್ರಿಲ್ 18

ಅಕ್ಕಾ,

ಜೊತೆಗಿಟ್ಟಿರುವ ತುಣುಕು ನಿಮ್ಮದೇ ಪತ್ರಿಕೆಯದು, ನಮ್ಮೂರಿನ ಆವೃತ್ತಿ. ಮೊದಲು ಅದನ್ನು ಓದು, ಆಮೇಲೆ ನನ್ನ ಕಾಗದ.

ಓದಿದೆಯಾ? 'ಕೋಲು ಹಿಡಿದು ಹಿಂಬಾಲಿಸಿದವನಿಗೆ ಬಾಲಕಿಯ ದಿಟ್ಟ ಉತ್ತರ.' ಆ ಬಾಲಕಿ ಯಾರೆಂದು ಬರೆದಿಲ್ಲ. ಹೆಸರು ಹಾಕಬಾರದಂತೆ, ನಿನಗೆ ನಿಯಮ ಗೊತ್ತು. ನಿನ್ನ ಗುಂಡಿ.

ಏಪ್ರಿಲ್ ಹನ್ನೊಂದು, ಸಂಜೆ ಮಬ್ಬಾಗುವ ಹೊತ್ತು. ಬಸ್ಸಿಳಿದಳು, ಅವನೂ ಇಳಿದ. ಜೋರಾಗಿ ನಡೆದಳು, ಅವನೂ ಜೋರಾಗಿ ನಡೆದ. ಕರೆದ, ಇವಳು ತಿರುಗಲಿಲ್ಲ. ಓಡಿಬಂದು ಹೆಗಲ ಹತ್ತಿರ ಕೈ ತಂದ. ಹೊಡೆದಳು ಅಕ್ಕಾ. ಬಲಗೈ ಮಣಿಕಟ್ಟಿಗೆ, ಮುಳ್ಳು ಹಿಡಿಯವರೆಗೆ ಹೋಗಿತ್ತು. ಆಮೇಲೆ ಕಿರುಚಿದಳು. ಸೈಕಲ್ ರಿಪೇರಿ ಅಂಗಡಿಯವರು, ಗೋದಾಮಿನ ಹಮಾಲರು ಓಡಿಬಂದು ಅವನ ಕೈಯಲ್ಲಿದ್ದ ಕೋಲನ್ನೇ ಕಿತ್ತುಕೊಂಡು ಚೆನ್ನಾಗಿ ತದುಕಿದರು. ಪೊಲೀಸರು ಬರುವಷ್ಟರಲ್ಲಿ ಅವನು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಯಾವುದೋ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವನಂತೆ. ಈಗ ಒಳಗಿದ್ದಾನೆ.

ಅವಳು ಎರಡು ದಿನ ಮಾತಾಡಲಿಲ್ಲ. ಆಘಾತ ಎಂದರು ಡಾಕ್ಟರು. ನಾನು ಮಾತ್ರ ಆ ರಾತ್ರಿ ಎಷ್ಟೋ ವರ್ಷದ ಮೇಲೆ ಹೊಟ್ಟೆತುಂಬ ಉಂಡೆ. ಬರುವ ಭಾನುವಾರ ಬಡಾವಣೆಯ ಸಂಘದವರು ಸಮುದಾಯ ಭವನದಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ನನ್ನನ್ನೂ ವೇದಿಕೆಗೆ ಕರೆದಿದ್ದಾರೆ.

ಈಗ ಹೇಳು. ಅವತ್ತು ಗುಂಡಿಯ ಕೈಯಲ್ಲಿ ಮುಳ್ಳಿನ ಬದಲು ಒಂದು ತುಂಡು ಬಟ್ಟೆ ಇದ್ದಿದ್ದರೆ?

ನಿನ್ನ ತಮ್ಮ


ಏಪ್ರಿಲ್ 22

ತಮ್ಮಾ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂತೆ.

ನಾನು ಸೋತೆ. ಇಷ್ಟು ದಿನ ನಿನಗೆ ನೀತಿ ಹೇಳುತ್ತ ಕೂತವಳಿಗೆ ನಾಚಿಕೆಯಾಗಿದೆ. ಛತ್ರಿ ಕಳಿಸಿದವಳು ನಾನು, ಮುಳ್ಳು ಕೊಟ್ಟವನು ನೀನು. ಹೊತ್ತಿಗೆ ಒದಗಿದ್ದು ನಿನ್ನದು. ಅವಳ ಮುಖ ಕಣ್ಣ ಮುಂದೆ ಬಂದು ನಿಂತರೆ ನನ್ನ ತತ್ವಗಳೆಲ್ಲ ಇಸ್ತ್ರಿ ಮಾಡಿ ಮಡಚಿಟ್ಟ ಬಟ್ಟೆಗಳ ಹಾಗೆ ಕಾಣುತ್ತವೆ. ತೊಡದೇ ಇದ್ದದ್ದಕ್ಕೆ ಅಷ್ಟು ನೀಟಾಗಿವೆ.

ಮಾತಿನಲ್ಲಿ ಮಾತ್ರ ಒಪ್ಪಿಕೊಂಡರೆ ಸಾಲದೆಂದು ನನ್ನ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟೆ. ನಾಳೆ ಎಲ್ಲ ಆವೃತ್ತಿಗಳಲ್ಲೂ ಬರುತ್ತದೆ. ಆ ದುಷ್ಟ ಹಿಂಬಾಲಿಸಿದ್ದನ್ನೂ ಅಪ್ಪನ ಕತ್ತರಿಯ ಕಥೆಯನ್ನೂ ಬರೆದು, 'ಅದು ಸಂಯಮವಲ್ಲ, ಅಸಹಾಯಕತೆ. ಅದನ್ನು ನಾವು ಹೆಣ್ಣುಮಕ್ಕಳಿಗೆ ಬಳುವಳಿಯಾಗಿ ಕೊಡುವುದು ಬೇಡ' ಎಂದು ಮುಗಿಸಿದ್ದೇನೆ. ಜೊತೆಗೆ ಪ್ರತಿ ಇಟ್ಟಿದ್ದೇನೆ. ಅಪ್ಪ ಇದ್ದಿದ್ದರೆ ಕನ್ನಡಕ ಮೇಲಕ್ಕೆತ್ತಿ ಓದಿ, ಮಡಚಿಟ್ಟು, ಮತ್ತೆ ಹೊಲಿಯಲು ಕೂರುತ್ತಿದ್ದ.

ಒಂದೇ ಕುತೂಹಲ. ಛತ್ರಿ ಅವತ್ತು ಅವಳ ಹತ್ತಿರ ಇರಲಿಲ್ಲವೇ? ಆ ಬಾತುಕೋಳಿಯ ಕೊಕ್ಕಿನಲ್ಲೂ ಒಂದು ಏಟು ಹಾಕಬಹುದಿತ್ತು.

ಅಕ್ಕ


ಮೇ 16

ಅಕ್ಕಾ,

ತಡವಾಯಿತು, ಕೆಲಸ ಜಾಸ್ತಿ.

ಸನ್ಮಾನ ಆಯಿತು. ನಿನ್ನ ಅಂಕಣವನ್ನು ಸಂಘದ ಕಾರ್ಯದರ್ಶಿ ಮೈಕಿನಲ್ಲಿ ಪೂರ್ತಿ ಓದಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುಂಡಿಗೆ ಒಂದು ಗಾಜಿನ ಫಲಕ ಕೊಟ್ಟರು. ಅವತ್ತೇ ನಲವತ್ತು ಜನ ಅಪ್ಪಂದಿರು ತಮ್ಮ ಮಕ್ಕಳಿಗೂ ಮುಳ್ಳು ಬೇಕೆಂದರು. ಮಾಡುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಅದೇ ಭವನದಲ್ಲಿ ಆ ಹುಡುಗಿಯರಿಗೆ ಪಾಠವನ್ನೂ ಹೇಳಿಕೊಡಿ ಎಂದರು. ಅದೂ ನಡೆಯುತ್ತಿದೆ. ಗುಂಡಿ ಬರುವುದಿಲ್ಲ. ತಲೆನೋವು ಅನ್ನುತ್ತಾಳೆ.

ಛತ್ರಿ ಮನೆಯಲ್ಲೇ ಎಲ್ಲೋ ಇದೆ.

ಹೇಳುವಂಥದ್ದೇನಿಲ್ಲ. ಮೊನ್ನೆ ಒಬ್ಬ ಹೆಂಗಸು ವರ್ಕ್‌ಶಾಪಿಗೆ ಬಂದಿದ್ದಳು, ಅದೂ ಇದೂ ಮಾತಾಡಿ ಹೋದಳು. ಅಪ್ಪನ ಕತ್ತರಿ ನನ್ನ ಹತ್ತಿರವೇ ಇದೆ, ಲೇತಿನ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ತುಕ್ಕು ಹಿಡಿದಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಯಾವುದಾದರೂ ಸುದ್ದಿ ತಪ್ಪೆಂದು ತಿಳಿದರೆ ಎಷ್ಟು ದಿನದೊಳಗೆ ತಿದ್ದುಪಡಿ ಹಾಕುತ್ತಾರೆ? ಸುಮ್ಮನೆ ಕೇಳಿದೆ.

ತಮ್ಮ


ಮೇ 27

ತಮ್ಮಾ,

'ಸುಮ್ಮನೆ ಕೇಳಿದೆ' ಎಂದು ಬರೆದವರು ಯಾರೂ ಸುಮ್ಮನೆ ಕೇಳಿದ್ದನ್ನು ನಾನು ಕಂಡಿಲ್ಲ. ಮೂವತ್ತು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ.

ನಿನ್ನ ಪ್ರಶ್ನೆ ಎರಡು ದಿನ ಕಾಲಿಗೆ ಚುಚ್ಚಿದ ಹಾಗಿತ್ತು. ನೀನು ಕಳಿಸಿದ ತುಣುಕನ್ನು ಮತ್ತೆ ತೆಗೆದು ನೋಡಿದೆ. ವರದಿಯಲ್ಲಿ ಪೊಲೀಸರ ಮಾತಿದೆ, ಸೈಕಲ್ ಅಂಗಡಿಯವನ ಮಾತಿದೆ, ನಿನ್ನ ಮಾತಿದೆ. ಹೊಡೆಸಿಕೊಂಡವನು ಏನು ಹೇಳಿದ ಎಂಬುದು ಇಲ್ಲ. ಇದು ನನ್ನ ಕಣ್ಣಿಗೆ ಬೀಳಲಿಲ್ಲ. ಬೇರೆ ಯಾರದೇ ಸುದ್ದಿಯಾಗಿದ್ದರೂ ಮೊದಲ ಓದಿಗೇ ಸುತ್ತುಹಾಕಿ 'ಆ ಕಡೆಯವನನ್ನು ಕೇಳಿದಿರಾ?' ಎಂದು ಬರೆದು ವರದಿಗಾರನ ಮೇಜಿಗೆ ವಾಪಸು ಎಸೆಯುತ್ತಿದ್ದೆ. ತಮ್ಮನ ಮಗಳೆಂದು ಎಸೆಯಲಿಲ್ಲ.

ಪೊಲೀಸರ ಮೇಜಿನ ಮೇಲೆ ವಶಪಡಿಸಿಕೊಂಡ ಕೋಲು ಇರುವ ಚಿತ್ರವೊಂದು ಸುದ್ದಿಯ ಜೊತೆ ಬಂದಿತ್ತಲ್ಲ. ಅಚ್ಚಿನಲ್ಲಿ ಅದೊಂದು ಕಪ್ಪು ಗೀಟು. ಫೋಟೊ ವಿಭಾಗದಲ್ಲಿ ನನ್ನ ಕಾಲದ ಹುಡುಗನೊಬ್ಬ ಇನ್ನೂ ಇದ್ದಾನೆ. ಮೂಲ ಚಿತ್ರವನ್ನು ದೊಡ್ಡದು ಮಾಡಿ ಕಳಿಸು ಎಂದೆ. ಇವತ್ತು ಬಂತು.

ಬಟ್ಟೆ ಹರಿದುಹೋಗಿದೆ, ಕೋಲಿನ ತುದಿಯಲ್ಲಿ ಮುರಿದ ಕಡ್ಡಿಗಳು ಮಾತ್ರ ನೇತಾಡುತ್ತಿವೆ. ಹಿಡಿ ಆ ಕಡೆ ಹೊರಳಿದೆ. ಆದರೂ ಕೊಕ್ಕು ಕಾಣಿಸುತ್ತದೆ. ಒಂದು ಕಣ್ಣೂ ಕಾಣಿಸುತ್ತದೆ.

ಅದನ್ನು ಅಂಗಡಿಯಲ್ಲಿ ಹತ್ತು ಛತ್ರಿಗಳ ನಡುವೆ ಆರಿಸಿದವಳು ನಾನು. ನನ್ನ ಹತ್ತಿರ ಒಂದೇ ಒಂದು ಪ್ರಶ್ನೆ ಇದೆ, ಅದನ್ನು ನೀನು ಬಲ್ಲೆ. ಉತ್ತರ ಬರೆ.

ಅಕ್ಕ


ಜೂನ್ 10

ತಮ್ಮಾ,

ಉತ್ತರ ಬರಲಿಲ್ಲ.

ನಿನ್ನೆ ನಿಮ್ಮ ಮನೆಗೆ ಫೋನ್ ಮಾಡಿದೆ. ಗುಂಡಿ ಎತ್ತಿದಳು. ನಾನು ಏನೂ ಕೇಳುವ ಮೊದಲೇ, "ಅತ್ತೆ, ಛತ್ರಿ ಕಳ್ಕೊಂಡುಬಿಟ್ಟೆ, ಸಾರಿ" ಎಂದು ಅಳತೊಡಗಿದಳು. ಛತ್ರಿಗಾಗಿ ಯಾರೂ ಹಾಗೆ ಅಳುವುದಿಲ್ಲ ಕಣೋ.

ಅಕ್ಕ


ಜೂನ್ 19

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಓದಿದ ಮೇಲೆ ನೀನು ಮಾತು ಬಿಟ್ಟರೂ ನಾನು ಏನೂ ಅನ್ನುವುದಿಲ್ಲ.

ಏಪ್ರಿಲ್ ಹದಿನೆಂಟರಂದು ನಿನಗೆ ಬರೆಯುವಾಗ ನನಗೆ ಗೊತ್ತಿರಲಿಲ್ಲ. ಸನ್ಮಾನದ ದಿನ ಗೊತ್ತಿತ್ತು.

ಅವತ್ತು ಬೆಳಿಗ್ಗೆ ಭವನಕ್ಕೆ ಹೊರಡುವ ಮೊದಲು ನಾನು ವರ್ಕ್‌ಶಾಪಿನಲ್ಲಿ ಕೈ ತೊಳೆಯುತ್ತಿದ್ದೆ. ಗುಂಡಿ ಹೊಸ ಬಟ್ಟೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಅಪ್ಪ, ಅವರ ಕೈಲಿದ್ದಿದ್ದು ನನ್ನ ಛತ್ರಿ."

"ಯಾವ ಛತ್ರಿ?"

"ಬಾತುಕೋಳಿ. ಬಸ್ಸಲ್ಲಿ ಬಿಟ್ಟಿದ್ದೆ. ಬೇಕಂತಲೇ ಬಿಟ್ಟೆ ಅಪ್ಪ. ಕ್ಲಾಸಲ್ಲಿ ಎಲ್ಲ ಕ್ವಾಕ್ ಕ್ವಾಕ್ ಅಂತ ಆಡ್ಕೋತಾರೆ. ಅವರು ಹಿಂದಿನ ಸೀಟಲ್ಲಿ ಕೂತಿದ್ರು."

"ನಿನ್ನ ಕರೆದ್ನಾ ಅವನು?"

"ಕರೆದ್ರು. 'ಪಾಪು, ನಿಲ್ಲಮ್ಮ, ಪಾಪು' ಅಂದ್ರು."

"ಮತ್ತೆ ಯಾಕೆ ತಿರುಗಲಿಲ್ಲ?"

"ಕರೆದ್ರೆ ತಿರುಗಬೇಡ ಅಂತ ನೀವೇ ಹೇಳಿದ್ರಲ್ಲ."

ನಲ್ಲಿ ಹರಿಯುತ್ತಲೇ ಇತ್ತು. ಅವಳು ಮುಂದುವರಿಸಿದಳು. "ಬಿದ್ದಾಗ ನೋಡಿದೆ. ಬಾತುಕೋಳಿ ಅವರ ಕೈಲೇ ಇತ್ತು. ನಾನು ಹೇಳೋಕೆ ಹೋದೆ, ಅಷ್ಟರಲ್ಲಿ ಎಲ್ಲ ಬಂದು ಅದರಲ್ಲೇ ಹೊಡೀತಿದ್ರು." ಆಮೇಲೆ, "ನೀವು ಹೇಳಿಕೊಟ್ಟದ್ದರಲ್ಲಿ ಒಂದೂ ತಪ್ಪಿಲ್ಲ ಅಪ್ಪ. ಎಲ್ಲಾ ಹಾಗೇ ಮಾಡಿದೆ" ಎಂದಳು. ಲೆಕ್ಕ ಮಾಡಿ ಉತ್ತರ ಸರಿಯಾ ಎಂದು ಕೇಳುವ ಹಾಗೆ ನನ್ನ ಮುಖ ನೋಡಿದಳು.

ನಾನು ಏನು ಹೇಳಿದೆ ಗೊತ್ತಾ ಅಕ್ಕಾ? "ಆಮೇಲೆ ಮಾತಾಡೋಣ, ಜನ ಕಾಯ್ತಿದ್ದಾರೆ" ಅಂದೆ. ಅವಳ ಕೈ ಹಿಡಿದು ವೇದಿಕೆ ಹತ್ತಿಸಿದೆ. ನಿನ್ನ ಅಂಕಣ ಓದುವಾಗ ಅವಳು ಗಾಜಿನ ಫಲಕವನ್ನು ಎದೆಗವಚಿಕೊಂಡು ನಿಂತಿದ್ದಳು. ಮಗು ಭಾವುಕಳಾಗಿದ್ದಾಳೆ ಎಂದರು ಜನ. ಮೈಕು ನನ್ನ ಕೈಗೆ ಬಂದಾಗ ನಾನು ನಮ್ಮಪ್ಪ ಹೊಡೆಸಿಕೊಂಡ ಕಥೆ ಹೇಳಿ, "ನಮ್ಮ ತಲೆಮಾರಿಗೆ ಅದು ಕೊನೆಯಾಗಲಿ" ಎಂದು ಭಾಷಣ ಮಾಡಿದೆ.

ವರ್ಕ್‌ಶಾಪಿಗೆ ಬಂದ ಹೆಂಗಸು ಬೇಕರಿಯವನ ಹೆಂಡತಿ. ಕೂಗಾಡುತ್ತಾಳೆ ಎಂದುಕೊಂಡು ನಾನೇ ಮೊದಲು ದನಿ ಏರಿಸಿದೆ. ಅವಳು ಸ್ಟೂಲಿನ ತುದಿಯಲ್ಲಿ ಕೂತು, "ಅವರ ಸ್ಟಾಪು ಅದಲ್ಲ ಅಣ್ಣ" ಅಂದಳು. "ಬೇಕರಿಗೆ ಹೋಗೋಕೆ ಇನ್ನೂ ಮುಂದೆ ಇಳೀಬೇಕು. ಮಗು ಛತ್ರಿ ಮರೆತು ಹೋಯ್ತಲ್ಲ ಅಂತ ನಡುವೆ ಇಳಿದ್ರು. ನಿಮ್ಮ ಹುಡುಗಿ ಒಂದು ಮಾತು ಹೇಳಿದ್ರೆ ಸಾಕು." ಅವನ ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲವಂತೆ. ಜಾಮೀನಿನ ಮೇಲೆ ಹೊರಗೆ ಬಂದರೂ ಬೇಕರಿಯವರು ಒಳಗೆ ಸೇರಿಸುವುದಿಲ್ಲ. ಇಂಥವನ ಕೈಯ ಬ್ರೆಡ್ಡು ಯಾರು ಕೊಳ್ಳುತ್ತಾರೆ ಎಂದರಂತೆ. ಜುಲೈನಲ್ಲಿ ಕೇಸು ವಿಚಾರಣೆಗೆ ಬರುತ್ತದೆ.

ನಾನು ಅವಳಿಗೆ, "ಅದೆಲ್ಲ ಕೋರ್ಟಲ್ಲಿ ಹೇಳ್ಕೊಳ್ಳಿ" ಎಂದು ಕಳಿಸಿದೆ.

ಗುಂಡಿ ಅಲ್ಲೇ ಇದ್ದಳು. ಮೇಜಿನ ಮೇಲೆ ಅವತ್ತು ಮುಗಿಸಿದ ಮುಳ್ಳುಗಳ ತಟ್ಟೆ ಇತ್ತು. ನಾನು ಧ್ವನಿ ಏರಿಸಿದ ಕೂಡಲೇ ಅವಳು ಎಣ್ಣೆ ಒರೆಸುವ ಬಟ್ಟೆ ತೆಗೆದು ಆ ತಟ್ಟೆಯ ಮೇಲೆ ಹಾಕಿದಳು. ಆ ಹೆಂಗಸು ಹೋದ ಮೇಲೆ ಯಾಕೆ ಮುಚ್ಚಿದೆ ಎಂದೆ. "ಅತ್ತೆ ಪೇಪರಲ್ಲಿ ಬರ್ದಿದ್ರಲ್ಲ, ತಾತ ಹಾಗೆ ಮಾಡ್ತಿದ್ರು ಅಂತ." ತಾತ ಮಾಡಿದ್ದು ತಪ್ಪು ಎಂದು ಹೇಳಲು ನೀನು ಬರೆದ ಅಂಕಣದಲ್ಲಿ ಅವಳಿಗೆ ಹಿಡಿಸಿದ್ದು ತಾತ ಮಾಡಿದ್ದೊಂದೇ.

ಕಾರ್ಯದರ್ಶಿಗೆ ಗುಟ್ಟಾಗಿ ಹೇಳಿದೆ. "ಈಗ ಬಾಯಿ ಬಿಟ್ರೆ ಬಡಾವಣೆ ಮಾನ ಹೋಗುತ್ತೆ ಸಾರ್. ಹುಡುಗೀನ ಯಾರು ನಂಬ್ತಾರೆ ಆಮೇಲೆ? ನಾಳೆ ನಿಜವಾಗ್ಲೂ ಯಾರಿಗಾದ್ರೂ ಏನಾದ್ರೂ ಆದ್ರೆ?" ಅಂದರು. ಅದೂ ಸರಿ ಅನ್ನಿಸಿತು. ಅನ್ನಿಸಲಿ ಎಂದು ನಾನೇ ಕಾಯುತ್ತಿದ್ದೆ ಅನ್ನಿಸುತ್ತದೆ.

ಭಾನುವಾರದ ಪಾಠ ಇನ್ನೂ ನಡೆಸುತ್ತಿದ್ದೇನೆ. ನಿಲ್ಲಿಸಿದರೆ ಯಾಕೆ ಎಂದು ಕೇಳುತ್ತಾರೆ. ಮೂರನೇ ಸಾಲು ಬಂದಾಗ ಮೈಕು ಕೆಳಗಿಡುತ್ತೇನೆ. ಆ ಹುಡುಗಿಯರೇ ಒಟ್ಟಿಗೆ ಹೇಳಿ ಮುಗಿಸುತ್ತಾರೆ.

ನಾನು ಅಪ್ಪನಿಗಿಂತ ಕೀಳಾದೆ ಅಕ್ಕಾ. ಅವನ ಕಾಲು ಅಲ್ಲಾಡಲಿಲ್ಲ ಅಷ್ಟೇ. ನಾನು ಇನ್ನೊಬ್ಬನನ್ನು ಕೆಳಗೆ ಹಾಕಿ ಅವನ ಮೇಲೆ ನಿಂತಿದ್ದೇನೆ. ಒಂದೇ ಬೇಡಿಕೆ. ಗುಂಡಿಯ ಈ ವರ್ಷದ ಓದು ಮುಗಿಯಲಿ, ಅಲ್ಲಿಯವರೆಗೆ ಏನೂ ಬರೆಯಬೇಡ. ಆಮೇಲೆ ನೀನು ಹೇಳಿದ ಹಾಗೆ.

ನಿನ್ನ ತಮ್ಮ


ಜೂನ್ 26

ತಮ್ಮಾ,

ಈ ಕಾಗದದ ಒಂದು ಪ್ರತಿ ಇದೇ ಅಂಚೆಯಲ್ಲಿ ನಿಮ್ಮ ಸಂಘದ ಕಾರ್ಯದರ್ಶಿಗೆ ಹೋಗುತ್ತಿದೆ. ಆದ್ದರಿಂದ ಇದನ್ನು ನಾಲ್ಕು ಜನರ ಎದುರು ಓದುವ ಕಾಗದ ಎಂದೇ ತಿಳಿದುಕೊಂಡು ಓದು.

ಮೊದಲು ನನ್ನ ಪಾಲು. ಏಪ್ರಿಲ್ ಇಪ್ಪತ್ತಮೂರರಂದು ನಾನು, ಆ ಕಡೆಯವನನ್ನು ಒಂದು ಮಾತೂ ಕೇಳದೆ, ಒಬ್ಬ ನಿರಪರಾಧಿಯನ್ನು ಪತ್ರಿಕೆಯಲ್ಲಿ ದುಷ್ಟ ಎಂದು ಕರೆದೆ. ನೀನು ಮಗಳಿಗೆ ಕಲಿಸಿದ ಮೂರನೇ ಸಾಲನ್ನು ನನಗೆ ಯಾರೂ ಕಲಿಸಿರಲಿಲ್ಲ, ಆದರೂ ಚಾಚೂ ತಪ್ಪದೆ ಪಾಲಿಸಿದೆ. ಸಂಪಾದಕರ ಜೊತೆ ಮಾತಾಡಿದ್ದೇನೆ. ಮುಖಪುಟದಲ್ಲಿ ಆನೆಯಷ್ಟು ತಪ್ಪು ಮಾಡಿ ಒಳಪುಟದಲ್ಲಿ ಇರುವೆಯಷ್ಟು ತಿದ್ದುಪಡಿ ಹಾಕುವ ಚಾಳಿಯ ವಿರುದ್ಧ ನಾನು ಕೆಲಸದಲ್ಲಿದ್ದಷ್ಟೂ ಕಾಲ ಜಗಳವಾಡಿದ್ದೆ. ತಪ್ಪು ಎಲ್ಲಿ ಅಚ್ಚಾಯಿತೋ ಅಲ್ಲೇ, ಅಷ್ಟೇ ಅಗಲದಲ್ಲಿ ತಿದ್ದುಪಡಿ ಬರಬೇಕು. ಬರುವ ವಾರ ನನ್ನ ಅಂಕಣದ ಜಾಗದಲ್ಲಿ, ನನ್ನ ಹೆಸರಿನ ಕೆಳಗೆ ಇದು ಬರುತ್ತದೆ:

'ಈ ಜಾಗದಲ್ಲಿ ನಾನು ದುಷ್ಟನೆಂದು ಕರೆದ ವ್ಯಕ್ತಿ ಬಸ್ಸಿನಲ್ಲಿ ಉಳಿದುಹೋದ ಛತ್ರಿಯನ್ನು ಅದರ ಒಡತಿಗೆ ಕೊಡಲು ತನ್ನದಲ್ಲದ ನಿಲ್ದಾಣದಲ್ಲಿ ಇಳಿದವನು. ಅವನ ಕೈಯಲ್ಲಿದ್ದದ್ದು ಕೋಲಲ್ಲ. ಅವನನ್ನು ನಾನು ವಿಚಾರಿಸಲಿಲ್ಲ. ನನ್ನ ತಂದೆಯ ಬಗ್ಗೆ ಬರೆದದ್ದೂ ತಪ್ಪು. ಈ ಅಂಕಣ ಇಲ್ಲಿಗೆ ನಿಲ್ಲುತ್ತದೆ.'

ಹುಡುಗಿಯ ಹೆಸರಿಲ್ಲ, ಊರಿನ ಹೆಸರಿಲ್ಲ. ಅವಳನ್ನು ಕಾಪಾಡಬೇಕು ಎನ್ನುವುದರಲ್ಲಿ ನಿನಗೂ ನನಗೂ ಭೇದವಿಲ್ಲ. ಆದರೆ ಓದು ಮುಗಿಯುವವರೆಗೆ ಅವಳನ್ನು ಕಾಪಾಡುತ್ತೇನೆ ಅಂತೀಯಲ್ಲ, ಯಾರಿಂದ? ಅವಳು ನಿನ್ನ ಹತ್ತಿರ ಸತ್ಯ ತಂದಳು, ಹೊಸ ಬಟ್ಟೆಯಲ್ಲಿ, ಚಪ್ಪಾಳೆಗೆ ಮೊದಲೇ ತಂದಳು. ಅವಳಿಗೆ ಬೇಕಾದದ್ದು ಅದನ್ನು ಇಳಿಸಲು ಒಂದು ಜಾಗ. ನೀನು ಇನ್ನೊಂದು ವರ್ಷ ಹೊರು ಅನ್ನುತ್ತೀಯ.

ಈಗ ಆ ಗುತ್ತಿಗೆದಾರ. ಮಾರ್ಚಿನಲ್ಲಿ ಪೆನ್ನು ಮುಚ್ಚಿಟ್ಟಿದ್ದೆನಲ್ಲ, ಆ ಮಾತು. ನೀನು ಮೇಜಿನ ಕೆಳಗಿದ್ದೆ, ಅಪ್ಪನ ಕಾಲು ಕಂಡೆ. ನಾನು ಎದುರಿಗೆ ಕಾಜಾ ಹೊಲಿಯುತ್ತಿದ್ದೆ, ಕೈ ಕಂಡೆ. ಅವತ್ತು ಬಟ್ಟೆ ಮುಚ್ಚುವ ಮೊದಲೇ ಅಳತೆಪಟ್ಟಿ ಕೆನ್ನೆಗೆ ಬಿತ್ತು, ಆ ಕ್ಷಣ ಅಪ್ಪನ ಕೈ ಕತ್ತರಿಗೆ ಹೋಯಿತು. ಬೆರಳು ಹಿಡಿಯೊಳಗೆ ಹೊಕ್ಕಿದ್ದವು, ಕತ್ತರಿ ಮೇಜಿನಿಂದ ಮೇಲಕ್ಕೆ ಎದ್ದಿತ್ತು. ಅಪ್ಪ ನನ್ನನ್ನು ನೋಡಿದ. ಕತ್ತರಿ ಕೆಳಗಿಟ್ಟ, ಬಟ್ಟೆ ಮುಚ್ಚಿದ. ಕಾಲು ಅಲ್ಲಾಡದ ಹಾಗೆ ಹಿಡಿದಿಟ್ಟದ್ದು ಹೆದರಿಕೆಯಲ್ಲವೋ. ಸಂಜೆ ಬಾಗಿಲು ಹಾಕುವಾಗ, "ಬಟ್ಟೆ ಮುಚ್ಚೋದು ಗಿರಾಕಿಗಲ್ಲ ಮಗಳೆ, ನನ್ನ ಕೈಗೆ" ಎಂದ. ನಮ್ಮಪ್ಪನ ಕೈಯೂ ಅಲ್ಲಿಯವರೆಗೆ ಹೋಗಿತ್ತು ಎಂದು ಹೇಳಲು ನನಗೆ ನಾಚಿಕೆ. ಶಾಂತಮೂರ್ತಿ ಅಪ್ಪನ ಕಥೆಯೇ ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ನಿನಗೆ ಆ ಕೈಯನ್ನು ತೋರಿಸಿದ್ದರೆ ನೀನು ಆ ಕಾಲಿಗೆ ಇಷ್ಟು ವರ್ಷ ನಾಚಿಕೆಪಡುತ್ತಿರಲಿಲ್ಲವೇನೋ.

ನನ್ನ ತಿದ್ದುಪಡಿಯಿಂದ ನಿನ್ನ ತಿದ್ದುಪಡಿ ಆಗುವುದಿಲ್ಲ. ಠಾಣೆಗೆ ಹೋಗಿ ಹೇಳಿಕೆ ಬದಲಿಸಿ ಬರೆಸು, ಕೇಸಿಗೆ ಮೊದಲೇ. ಗುಂಡಿಯ ಜೊತೆ ಅವಳಮ್ಮ ಬರಲಿ, ನಾನೂ ಬರುತ್ತೇನೆ. ಅಷ್ಟಕ್ಕೆ ಮುಗಿಯಿತು ಎಂದುಕೊಳ್ಳಬೇಡ. ನೀನು ತಪ್ಪನ್ನು ಅಚ್ಚುಹಾಕಿದ್ದು ಠಾಣೆಯಲ್ಲಿ ಅಲ್ಲ, ಸಮುದಾಯ ಭವನದ ವೇದಿಕೆಯ ಮೇಲೆ.

ಬರುವ ಭಾನುವಾರ ಬೆಳಿಗ್ಗೆ ನಾನು ಅಲ್ಲಿರುತ್ತೇನೆ. ಬೇಕರಿಯವನ ಹೆಂಡತಿಗೂ ಹೇಳಿಕಳಿಸಿದ್ದೇನೆ. ಬರುತ್ತೇವೆ ಅಂದಿದ್ದಾಳೆ, ಇಬ್ಬರೂ. ಅದೇ ವೇದಿಕೆ, ಅದೇ ಮೈಕು. ಮುಳ್ಳು ಹಿಡಿದುಕೊಂಡ ಆ ನಲವತ್ತು ಹುಡುಗಿಯರು ಮುಂದೆ ಕೂತಿರುತ್ತಾರೆ, ಚಪ್ಪಾಳೆ ತಟ್ಟಿದ ಅಪ್ಪಂದಿರು ಗೋಡೆಗೆ ಒರಗಿ ನಿಂತಿರುತ್ತಾರೆ. ಕೇಳಬೇಡ ಎಂದು ನೀನು ಕಲಿಸಿದ ಜಾಗದಲ್ಲಿ ನಾನು ಎದ್ದು ನಿಂತು ಎರಡೇ ಪ್ರಶ್ನೆ ಕೇಳುತ್ತೇನೆ. ಅವನ ಕೈಯಲ್ಲಿದ್ದ ಛತ್ರಿ ಯಾರದು? ಅದು ನಿನಗೆ ಯಾವತ್ತು ಗೊತ್ತಾಯಿತು?

ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳಿಸುವ ಹಾಗೆ ಉತ್ತರ ಹೇಳು.

ನಿನ್ನ ಅಕ್ಕ